ಸರಳ ಮನೆತೋಟ: ಗಿಡ ತರುವ ಮೊದಲು ಮಾಡಬೇಕಾದ ಕೆಲಸಗಳು

ನರ್ಸರಿಗೆ ಹೋಗಿ ಗಿಡ ಕೊಂಡು ತರುವುದು ತೋಟದ ಕೆಲಸಗಳಲ್ಲೆಲ್ಲ ಸುಲಭವಾದದ್ದು. ಅದಕ್ಕೇ ಹೆಚ್ಚಿನವರು ಅಲ್ಲಿಂದಲೇ ಆರಂಭಿಸುತ್ತಾರೆ. ಕಣ್ಣಿಗೆ ಹಿಡಿಸಿದ್ದು ನಾಲ್ಕು, ನೆಂಟರು ಕೊಟ್ಟದ್ದು ಎರಡು, ಅಂಗಡಿಯವನು ಸುಮ್ಮನೆ ಜೊತೆಗೆ ಸೇರಿಸಿದ್ದು ಒಂದು. ಎರಡು ವರ್ಷ ಕಳೆಯುವಷ್ಟರಲ್ಲಿ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಗಿಡ ಇನ್ನೊಂದರ ಬಿಸಿಲು ಕಸಿಯುತ್ತಿರುತ್ತದೆ, ನೀರು ಹಾಕುವುದಕ್ಕೇ ಬೆಳಗು ಮುಗಿಯುತ್ತದೆ, ಆದರೂ ಕಿಟಕಿಯಿಂದ ನೋಡಿದರೆ ಕಣ್ಣಿಗೆ ನೆಲೆ ಸಿಗುವುದಿಲ್ಲ. ಅಲ್ಲಿ ಗಿಡಗಳಿಗೆ ಬರವಿಲ್ಲ, ತೀರ್ಮಾನಗಳಿಗೆ ಬರ.

ಸರಳ ತೋಟ ಎಂದರೆ ಬೋಳು ತೋಟ ಎಂದುಕೊಳ್ಳುವವರೂ ಇದ್ದಾರೆ. ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿ ಮೂಲೆಗೆರಡು ಕುಂಡ ಇಟ್ಟರೆ ಅದು ಸರಳವಾಗುವುದಿಲ್ಲ. ಬೇಸಿಗೆಯಲ್ಲಿ ಆ ನೆಲ ಕಾದು ಮನೆಯೊಳಕ್ಕೆ ಸೆಕೆ ಸೂಸುತ್ತದೆ, ಮಳೆ ಬಂದರೆ ನೀರನ್ನು ಇಂಗಗೊಡದೆ ಬೀದಿಗೆ ಓಡಿಸುತ್ತದೆ. ನಾನು ಹೇಳುವ ಸರಳತೆಗೆ ಒಂದು ಪರೀಕ್ಷೆಯಿದೆ. ನಿಮ್ಮ ತೋಟವನ್ನು ಎಂದೂ ನೋಡದ ಒಬ್ಬರಿಗೆ ಫೋನಿನಲ್ಲಿ ಎರಡೇ ವಾಕ್ಯಗಳಲ್ಲಿ ಅದನ್ನು ವಿವರಿಸಿ. "ನಡುವೆ ಉದ್ದನೆಯ ಹುಲ್ಲುಹಾಸು, ಅದರ ಮೂರು ಬದಿಗೆ ಅಗಲವಾದ ಪಾತಿ. ದೂರದ ಮೂಲೆಯಲ್ಲಿ ಒಂದು ಮರ, ಅದರ ಕೆಳಗೆ ಕೂರುವ ಜಾಗ." ಕೇಳಿದವರು ಕಾಗದದ ಮೇಲೆ ಅದನ್ನು ಗೀಚಿ ತೋರಿಸಬಲ್ಲರಾದರೆ ತೋಟಕ್ಕೆ ಒಂದು ರೂಪವಿದೆ ಎಂದರ್ಥ. "ಇಲ್ಲಿ ಸ್ವಲ್ಪ ಹೂವು, ಅಲ್ಲೊಂದು ಕಾರಂಜಿ, ಅದರ ಹಿಂದೆ ಇನ್ನೇನೋ" ಎಂದು ಮಾತು ಎಳೆಯುತ್ತಾ ಹೋದರೆ ಇನ್ನೂ ಯೋಚಿಸುವುದಿದೆ.

ಮೊದಲು ಗಂಟೆಗಳ ಲೆಕ್ಕ

ಜಾಗ ಎಷ್ಟು ಅಡಿ ಇದೆ ಎಂದು ಅಳೆಯುವುದಕ್ಕೆ ಮುಂಚೆ, ವಾರಕ್ಕೆ ಎಷ್ಟು ಗಂಟೆ ತೋಟಕ್ಕೆ ಕೊಡಬಲ್ಲಿರಿ ಎಂದು ಬರೆದುಕೊಳ್ಳಿ. ಹುರುಪಿನ ಮೊದಲ ತಿಂಗಳ ಗಂಟೆಗಳನ್ನು ಬರೆಯಬೇಡಿ. ಕೆಲಸದ ಒತ್ತಡವಿರುವ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ಸಾಧಾರಣ ವಾರದಲ್ಲಿ ಎಷ್ಟು ಸಿಗುತ್ತದೋ ಅಷ್ಟನ್ನೇ ಬರೆಯಿರಿ. ಈ ಒಂದು ಸಂಖ್ಯೆ ಮುಂದಿನ ಎಲ್ಲ ತೀರ್ಮಾನಗಳನ್ನೂ ನಡೆಸಬೇಕು.

ಏಕೆಂದರೆ ತೋಟದ ಪ್ರತಿಯೊಂದು ಅಂಗವೂ ಬೇರೆ ಬೇರೆ ಪ್ರಮಾಣದಲ್ಲಿ ಸಮಯ ತಿನ್ನುತ್ತದೆ. ಹುಲ್ಲುಹಾಸು ಬೆಳವಣಿಗೆಯ ಕಾಲದಲ್ಲಿ ಹೆಚ್ಚುಕಡಿಮೆ ಪ್ರತಿ ವಾರ ಕತ್ತರಿ ಕೇಳುತ್ತದೆ. ಓರಣವಾಗಿ ಕತ್ತರಿಸಿಡುವ ಗಿಡಬೇಲಿ ವರ್ಷಕ್ಕೆ ಹಲವು ಸಲ ಕೈಬೇಡುತ್ತದೆ. ಋತುವಿಗೊಮ್ಮೆ ಕಿತ್ತು ಹೊಸದಾಗಿ ನೆಡುವ ಹೂವಿನ ಪಾತಿಗಳು ಬಣ್ಣದಲ್ಲಿ ಎಷ್ಟು ಧಾರಾಳವೋ ಕೆಲಸದಲ್ಲೂ ಅಷ್ಟೇ ಧಾರಾಳ. ತರಕಾರಿ ಪಾತಿ ದಿನವೂ ಕಣ್ಣಿಡಬೇಕಾದದ್ದು. ಇವಕ್ಕೆ ಹೋಲಿಸಿದರೆ ಬೇರುಬಿಟ್ಟು ನಿಂತ ಮರ, ಹೊದಿಕೆ ಹಾಸಿದ ನೆಲದಲ್ಲಿ ಬೆಳೆದ ಪೊದೆಗಳು, ನೆಲವನ್ನೇ ಮುಚ್ಚಿ ಹರಡುವ ಸಣ್ಣ ಗಿಡಗಳು ಬಹಳ ಕಡಿಮೆ ಕೇಳುತ್ತವೆ.

ಎಲ್ಲಕ್ಕಿಂತ ಹೆಚ್ಚು ಸಮಯ ನುಂಗುವುದು ಚಿಕ್ಕ ಕುಂಡಗಳು, ಮತ್ತು ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಂಡದಲ್ಲಿ ಮಣ್ಣು ಕಡಿಮೆ, ಸುತ್ತಲಿನ ಗೋಡೆ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ದಿನವೂ ನೀರು ಬೇಕು, ಒಮ್ಮೊಮ್ಮೆ ಎರಡು ಹೊತ್ತೂ ಬೇಕು. ಇಲ್ಲೊಂದು ಸಣ್ಣ ಗಣಿತವಿದೆ. 8 ಅಂಗುಲ ಅಗಲ, ಅಷ್ಟೇ ಎತ್ತರದ ಕುಂಡದಲ್ಲಿ ಸುಮಾರು 6 ಲೀಟರ್ ಮಣ್ಣು ಹಿಡಿಸುತ್ತದೆ. 20 ಅಂಗುಲ ಅಗಲ, ಅಷ್ಟೇ ಎತ್ತರದ ಕುಂಡದಲ್ಲಿ ಹಿಡಿಸುವುದು ನೂರು ಲೀಟರಿಗೂ ಮಿಗಿಲು. ಅಂದರೆ ಒಂದು ದೊಡ್ಡ ಕುಂಡ 15 ಚಿಕ್ಕ ಕುಂಡಗಳಿಗೆ ಸಮ. ಮಣ್ಣು ಅಷ್ಟೇ ಇದ್ದರೂ ನೀರು ಹಾಕುವ ಕಡೆ ಹದಿನೈದರ ಬದಲು ಒಂದು, ಮಣ್ಣು ಒಣಗುವುದೂ ಎಷ್ಟೋ ನಿಧಾನ. ನೋಡಲೂ ಹದಿನೈದು ಸಣ್ಣ ಕುಂಡಗಳು ಸಾಮಾನು ಜೋಡಿಸಿಟ್ಟಂತೆ ಕಾಣುತ್ತವೆ. ಒಂದು ದೊಡ್ಡದು ಜಾಗಕ್ಕೆ ತೂಕ ತರುತ್ತದೆ. ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ ಎನ್ನುತ್ತೇನೆ.

ಇರುವ ನೆಲವನ್ನು ಓದುವುದು

ತೋಟ ಜಟಿಲವಾಗುವುದು ಬಹುಪಾಲು ನೆಲದ ಸ್ವಭಾವಕ್ಕೆ ವಿರುದ್ಧವಾಗಿ ನಡೆದಾಗ. ನೆರಳಿನಲ್ಲಿ ಗುಲಾಬಿ ಬೆಳೆಸಲು ಹೊರಟವರು ಗೊಬ್ಬರ, ಔಷಧ, ಕತ್ತರಿ, ಚಿಂತೆ ಎಲ್ಲವನ್ನೂ ಕೊಳ್ಳಬೇಕಾಗುತ್ತದೆ. ಅದೇ ಜಾಗದಲ್ಲಿ ನೆರಳನ್ನು ಇಷ್ಟಪಡುವ ಗಿಡ ತನ್ನ ಪಾಡಿಗೆ ಬೆಳೆಯುತ್ತದೆ. ಹಾಗಾಗಿ ಗಿಡದ ಪಟ್ಟಿಗೆ ಮುಂಚೆ ಮೂರು ಸಂಗತಿ ತಿಳಿದುಕೊಳ್ಳಿ.

ಬಿಸಿಲು. ಮೋಡವಿಲ್ಲದ ಒಂದು ದಿನ ಬೆಳಗ್ಗೆ 9, ಮಧ್ಯಾಹ್ನ 12, 3 ಮತ್ತು ಸಂಜೆ 5 ಗಂಟೆಗೆ ಅಂಗಳದ ಒಂದೇ ಕಡೆ ನಿಂತು ಫೋಟೋ ತೆಗೆಯಿರಿ. ದಿನಕ್ಕೆ 6 ಗಂಟೆ ಅಥವಾ ಹೆಚ್ಚು ನೇರ ಬಿಸಿಲು ಬಿದ್ದರೆ ಅದು ಪೂರ್ಣ ಬಿಸಿಲಿನ ಜಾಗ. 3ರಿಂದ 6 ಗಂಟೆಯಾದರೆ ಅರೆ ನೆರಳು, ಅದಕ್ಕೂ ಕಡಿಮೆಯಾದರೆ ನೆರಳು. ನರ್ಸರಿಯ ಚೀಟಿಗಳ ಮೇಲಿನ ಮಾತುಗಳು ಸಾಮಾನ್ಯವಾಗಿ ಈ ಅಳತೆಯವು. ಸೂರ್ಯನ ದಾರಿ ಋತುವಿನೊಂದಿಗೆ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಭೂಮಧ್ಯರೇಖೆಯ ಉತ್ತರಕ್ಕಿರುವ ದೇಶಗಳಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಮಟ್ಟದಲ್ಲಿ ಸಾಗುವುದರಿಂದ ಮನೆಯ ಉತ್ತರ ಭಾಗದ ನೆರಳು ಉದ್ದವಾಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುವುಮುರುವು.

ಮಣ್ಣು. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ಉಳಿದದ್ದಕ್ಕೆ ನೀರು ತುಂಬಿಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ನುಣ್ಣನೆಯ ರೇವೆ ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುತ್ತದೆ. ಜೇಡಿ ಕೂರಲು ಒಂದು ದಿನ ಅಥವಾ ಇನ್ನೂ ಹೆಚ್ಚು ಬೇಕು. ಮೂರು ಪದರಗಳ ದಪ್ಪವನ್ನು ಹೋಲಿಸಿದರೆ ನಿಮ್ಮ ಮಣ್ಣಿನ ಸ್ವಭಾವ ಗೊತ್ತಾಗುತ್ತದೆ.

ನೀರು ಇಂಗುವ ವೇಗ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿ ನಿಲ್ಲಿಸಿ ಗಂಟೆಗೆ ಎಷ್ಟು ಅಂಗುಲ ಇಳಿಯುತ್ತದೆ ನೋಡಿ. ಗಂಟೆಗೆ ಒಂದು ಅಂಗುಲಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಬೇರು ಕೊಳೆಯುವ ಅಪಾಯವಿದೆ. ಆ ಜಾಗದಲ್ಲಿ ನೆಲವನ್ನು ಏರುಮಡಿ ಮಾಡಿ, ಇಲ್ಲವೇ ಹಸಿ ನೆಲವನ್ನು ತಾಳುವ ಗಿಡಗಳನ್ನೇ ಆರಿಸಿ.

ಇನ್ನೊಂದು ಕೆಲಸಕ್ಕೆ ಉಪಕರಣವೇ ಬೇಡ. ಮನೆಯೊಳಗೆ ನೀವು ಹೆಚ್ಚು ಹೊತ್ತು ಕೂರುವ ಮತ್ತು ನಿಲ್ಲುವ ಕಡೆಗಳಿಂದ ಹೊರಗೆ ನೋಡಿ. ತೋಟದಲ್ಲಿ ಓಡಾಡುವುದಕ್ಕಿಂತ ಅದನ್ನು ಒಳಗಿನಿಂದ ನೋಡುವುದೇ ಹೆಚ್ಚು. ಹಾಗಾಗಿ ಮುಖ್ಯ ದೃಶ್ಯವನ್ನು ಯಾವ ಕಿಟಕಿಗಾಗಿ ಕಟ್ಟಬೇಕು ಎಂದು ಈಗಲೇ ನಿರ್ಧರಿಸಿ. ಒಂದು ಕಿಟಕಿ ಸಾಕು, ಹೆಚ್ಚೆಂದರೆ ಎರಡು.

ಖಾಲಿ ಜಾಗವನ್ನು ಮೊದಲು ಬರೆಯಿರಿ

ಇಡೀ ವಿನ್ಯಾಸದ ತಿರುಳು ಇಲ್ಲಿದೆ. ಗೆರೆಯ ಕಾಗದದಲ್ಲಿ 1:50 ಪ್ರಮಾಣದಲ್ಲಿ, ಅಂದರೆ ನೆಲದ ಒಂದು ಮೀಟರಿಗೆ ಕಾಗದದಲ್ಲಿ 2 ಸೆಂಟಿಮೀಟರ್ ಹಿಡಿದು ನಕ್ಷೆ ಬರೆಯಿರಿ. ಮನೆಯ ಗೋಡೆ, ಬಾಗಿಲು, ಕಿಟಕಿ, ಈಗಾಗಲೇ ಇರುವ ಮರ, ನಲ್ಲಿ, ನೆಲದಡಿಯ ಪೈಪು, ಮೇಲಿನ ವಿದ್ಯುತ್ ತಂತಿ ಎಲ್ಲವೂ ಅದರಲ್ಲಿರಲಿ. ಇದರ ಮೂಲಪ್ರತಿಯನ್ನು ಹಾಗೆಯೇ ಇಟ್ಟುಕೊಂಡು ಹಲವು ನಕಲುಗಳ ಮೇಲೆ ಗೀಚಿ.

ಈಗ ಗಿಡಗಳ ಪಾತಿಯನ್ನು ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ಪಾತಿಗಳನ್ನು ಮೊದಲು ಬರೆದರೆ ಅವುಗಳ ನಡುವೆ ಉಳಿಯುವ ಬಯಲಿಗೆ ಆಕಾರವೇ ಇರುವುದಿಲ್ಲ; ಹರಿದ ಬಟ್ಟೆಯ ತುಂಡಿನ ಹಾಗೆ ಅಲ್ಲಿಲ್ಲಿ ಮೂಲೆ ಚಾಚಿಕೊಂಡಿರುತ್ತದೆ. ಬದಲಾಗಿ ತೆರೆದ ಜಾಗವನ್ನೇ ಮೊದಲು ಬರೆಯಿರಿ. ಅದು ಹುಲ್ಲುಹಾಸಾಗಲಿ, ಜಲ್ಲಿಯ ನೆಲವಾಗಲಿ, ಕಲ್ಲುಹಾಸಾಗಲಿ, ಒಂದೇ ಸ್ಪಷ್ಟ ಆಕಾರದಲ್ಲಿರಲಿ: ಆಯತ, ಚೌಕ ಅಥವಾ ವೃತ್ತ. ಜಾಗ ಒಪ್ಪುವಷ್ಟು ದೊಡ್ಡದಾಗಿರಲಿ. ಸುತ್ತ ಉಳಿದದ್ದೆಲ್ಲ ಗಿಡಗಳದ್ದು. ಜಾಗ ವಕ್ರವಾಗಿದ್ದರೂ ಅಡ್ಡಿಯಿಲ್ಲ. ಬಯಲಿನ ಆಕಾರ ಗಟ್ಟಿಯಾಗಿದ್ದರೆ ಕಣ್ಣು ಅದನ್ನೇ ಹಿಡಿಯುತ್ತದೆ, ವಕ್ರ ಅಂಚುಗಳು ಪೊದೆಗಳ ಹಿಂದೆ ಮರೆಯಾಗುತ್ತವೆ.

ಆಯತವನ್ನು ಮನೆಯ ಗೋಡೆಗೆ ಸಮಾನಾಂತರವಾಗಿ ಇಡುವುದು ಸುಲಭ. ಚಿಕ್ಕ ಅಂಗಳದಲ್ಲಿ 45 ಡಿಗ್ರಿ ತಿರುಗಿಸಿ ಇಟ್ಟರೆ ನೋಟ ಮೂಲೆಯಿಂದ ಮೂಲೆಗೆ ಹರಿದು ಜಾಗ ಉದ್ದವಾದಂತೆ ತೋರುತ್ತದೆ. ಈ ಎರಡರ ನಡುವಿನ ಕೋನಗಳು ತಪ್ಪಿ ಆದಂತೆ ಕಾಣುತ್ತವೆ. ಬಳುಕುವ ಗೆರೆಗಳ ಬಗ್ಗೆ ನನಗೆ ಸ್ವಲ್ಪ ಅಸಹನೆಯಿದೆ. ಮೂರಡಿಗೊಮ್ಮೆ ಒಳಕ್ಕೂ ಹೊರಕ್ಕೂ ಹೊರಳುವ ಪಾತಿಯ ಅಂಚು "ಸಹಜ"ವಾಗಿದೆ ಎಂದು ಹೇಳುತ್ತಾರೆ. ಹುಲ್ಲು ಕತ್ತರಿಸುವ ಯಂತ್ರ ಹಿಡಿದವರನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ಬಾಗು ಬೇಕೇ ಇದ್ದರೆ ಒಂದೇ ಒಂದು ದೊಡ್ಡ ಬಾಗು ಇರಲಿ, ಅದು ಯಾವುದನ್ನಾದರೂ ಬಳಸಿಕೊಂಡು ಹೋಗಲಿ: ಮರವನ್ನು, ಬಂಡೆಯನ್ನು, ಕೂರುವ ಜಾಗವನ್ನು.

ಪಾತಿಯ ಅಗಲದಲ್ಲಿ ಜಿಪುಣತನ ಬೇಡ. ಕಾಂಪೌಂಡಿನ ಉದ್ದಕ್ಕೂ ಒಂದಡಿಯ ಪಟ್ಟಿ ಬಿಟ್ಟರೆ ಅದರಲ್ಲಿ ಗಿಡಗಳು ಸಾಲಾಗಿ ನಿಲ್ಲಬಹುದಷ್ಟೇ. ಮುಂದೆ ಗಿಡ್ಡದು, ಹಿಂದೆ ಎತ್ತರದ್ದು ಎಂಬ ಪದರವೇ ಮೂಡುವುದಿಲ್ಲ. ಮೂರು ಕಡೆ ಒಂದೊಂದಡಿ ಪಟ್ಟಿಯ ಬದಲು ಒಂದು ಕಡೆ 5 ಅಥವಾ 6 ಅಡಿಯ ಪಾತಿ ಮಾಡಿ, ಉಳಿದ ಗೋಡೆಗಳಿಗೆ ಬಳ್ಳಿ ಹಬ್ಬಿಸಿ. ಕೈಗೆ ಎಟಕುವ ಅಳತೆಯನ್ನೂ ನೆನಪಿಡಿ: ಒಂದೇ ಬದಿಯಿಂದ ಬಗ್ಗಿ ಕಳೆ ಕೀಳಲು 2 ಅಡಿಗಿಂತ ಹೆಚ್ಚು ಎಟಕುವುದಿಲ್ಲ, ಎರಡೂ ಬದಿಯಿಂದ ಎಟಕುವುದಾದರೆ ಪಾತಿ 4 ಅಡಿ ಇರಬಹುದು. ಅದಕ್ಕಿಂತ ಅಗಲವಾದ ಪೊದೆಯ ಪಾತಿಯಲ್ಲಿ ಕಾಲಿಡಲು ನಾಲ್ಕಾರು ಕಲ್ಲುಗಳನ್ನು ಹುದುಗಿಸಿಡಿ.

ಕಾಗದದಲ್ಲಿ ಒಪ್ಪಿಗೆಯಾದದ್ದನ್ನು ನೆಲದ ಮೇಲೆ ಹಗ್ಗ, ಗೂಟ, ಸುಣ್ಣದ ಪುಡಿಯಿಂದ ಗುರುತಿಸಿ. ವೃತ್ತವಾದರೆ ನಡುವಿನ ಗೂಟಕ್ಕೆ ಹಗ್ಗ ಕಟ್ಟಿ ಸುತ್ತಿದರಾಯಿತು. ಒಂದು ವಾರ ಅದರೊಂದಿಗೆ ಬದುಕಿ. ಬಟ್ಟೆ ಒಣಹಾಕಿ, ಗಾಡಿ ತಿರುಗಿಸಿ, ಕುರ್ಚಿ ಹಾಕಿ ಕೂತು ನೋಡಿ. ನಾಲ್ಕು ಜನ ಮೇಜಿನ ಸುತ್ತ ಕೂತು ಕುರ್ಚಿ ಹಿಂದಕ್ಕೆ ಎಳೆಯಲು ಸರಿಸುಮಾರು 10 ಅಡಿ ಉದ್ದ, 10 ಅಡಿ ಅಗಲ ಬೇಕು. ಇದನ್ನು 6 ಅಡಿಯಲ್ಲಿ ಮುಗಿಸಿದವರ ಕುರ್ಚಿಗಳು ಸದಾ ಪಾತಿಯೊಳಗೆ ಬೀಳುತ್ತವೆ.

ದಾರಿ ಮತ್ತು ನೆಲಹಾಸು

ಮುಂಬಾಗಿಲಿಗೆ ಹೋಗುವ ದಾರಿಯಲ್ಲಿ ಇಬ್ಬರು ಜೊತೆಯಾಗಿ ನಡೆಯಬೇಕಾದರೆ 4 ಅಡಿ ಬೇಕು. ಕೈಗಾಡಿ ಓಡಾಡಲು 3 ಅಡಿ, ನಲ್ಲಿಯ ಕಡೆಗೋ ಗೊಬ್ಬರದ ಗುಂಡಿಯ ಕಡೆಗೋ ಹೋಗುವ ಒಳದಾರಿಗೆ 2 ಅಡಿ. ದಿನವೂ ಬಳಸುವ ದಾರಿ ನೇರವಾಗಿರಲಿ. ಕಾರಣವಿಲ್ಲದೆ ಸುತ್ತುವ ದಾರಿಯನ್ನು ಯಾರೂ ಮೆಟ್ಟುವುದಿಲ್ಲ. ಹುಲ್ಲಿನ ಮೇಲೆ ಅಡ್ಡಹಾದಿ ಬಿದ್ದೇ ಬೀಳುತ್ತದೆ. ಆ ಅಡ್ಡಹಾದಿ ಈಗಾಗಲೇ ಇದ್ದರೆ ಅದೇ ನಿಮ್ಮ ನಕ್ಷೆ, ಅಲ್ಲೇ ಕಲ್ಲು ಹಾಸಿ.

ಮೆಟ್ಟಿಲಿದ್ದರೆ ಹೊರಾಂಗಣದ ಮೆಟ್ಟಿಲು ಒಳಗಿನದಕ್ಕಿಂತ ತಗ್ಗಾಗಿ, ಅಗಲವಾಗಿರಬೇಕು. 6 ಅಂಗುಲ ಎತ್ತರಕ್ಕೆ 14 ಅಂಗುಲ ಅಗಲದ ಮೆಟ್ಟು ಹಿತವಾದ ಅಳತೆ. ಎತ್ತರದ ಎರಡು ಪಟ್ಟಿಗೆ ಅಗಲವನ್ನು ಕೂಡಿಸಿದರೆ 26 ಅಂಗುಲದ ಆಸುಪಾಸು ಬಂದರೆ ಕಾಲಿಗೆ ಸಲೀಸು. ಎಲ್ಲ ಮೆಟ್ಟಿಲುಗಳ ಎತ್ತರ ಒಂದೇ ಇರಬೇಕು, ಎಡವುವುದು ಅಳತೆ ತಪ್ಪಿದ ಒಂದು ಮೆಟ್ಟಿಲಿನಲ್ಲೇ. ಕಲ್ಲುಹಾಸಿಗೆ ಮನೆಯಿಂದ ಆಚೆಗೆ ಪ್ರತಿ ಮೀಟರಿಗೆ ಒಂದೂವರೆಯಿಂದ 2 ಸೆಂಟಿಮೀಟರ್ ಇಳಿಜಾರು ಕೊಡಿ, ಇಲ್ಲವಾದರೆ ಮಳೆಯ ನೀರು ಗೋಡೆಯ ಬುಡಕ್ಕೆ ಬರುತ್ತದೆ.

ಸಾಮಗ್ರಿಯ ವಿಷಯದಲ್ಲಿ ನನ್ನ ಮಿತಿ ಎರಡು. ತೀರಾ ಅಗತ್ಯವಿದ್ದರೆ ಮೂರು. ಅವುಗಳಲ್ಲಿ ಒಂದು ಮನೆಯಲ್ಲೇ ಇರುವಂಥದ್ದಾಗಿರಲಿ: ಮನೆಗೆ ಇಟ್ಟಿಗೆಯಿದ್ದರೆ ದಾರಿಯ ಅಂಚಿಗೂ ಇಟ್ಟಿಗೆ, ಕಲ್ಲಿದ್ದರೆ ಕಲ್ಲು. ಹುಲ್ಲುಹಾಸು ಇರುವ ಕಡೆ ಅಂಚಿಗೆ ನೆಲಮಟ್ಟದಲ್ಲಿ ಒಂದು ಸಾಲು ಇಟ್ಟಿಗೆ ಕೂರಿಸಿದರೆ ಯಂತ್ರದ ಗಾಲಿ ಅದರ ಮೇಲೆ ಹೋಗುತ್ತದೆ, ಅಂಚನ್ನು ಕೈಯಿಂದ ಕತ್ತರಿಸುವ ಕೆಲಸ ಬಹುಪಾಲು ತಪ್ಪುತ್ತದೆ. ಒಮ್ಮೆ ಮಾಡಿದ ಈ ಕೆಲಸ ವರ್ಷಗಟ್ಟಲೆ ಗಂಟೆಗಳನ್ನು ಉಳಿಸಿಕೊಡುತ್ತದೆ.

ಕಾಣಲು ಸರಳ, ನೋಡಿಕೊಳ್ಳಲು ಸರಳ

ಇವೆರಡೂ ಒಂದೇ ಅಲ್ಲ. ಗಿಡ ಆರಿಸುವ ಮುನ್ನ ಈ ವ್ಯತ್ಯಾಸ ಸ್ಪಷ್ಟವಿರಬೇಕು.

ಜಪಾನಿನ ಕ್ಯೋಟೋ ನಗರದಲ್ಲಿರುವ ರ್‍ಯೋಆನ್‌ಜಿ ದೇವಾಲಯದ ಕಲ್ಲಿನ ತೋಟದಲ್ಲಿ ಇರುವುದು 15 ಬಂಡೆಗಳು, ಅವುಗಳ ಬುಡದಲ್ಲಿ ಪಾಚಿ, ಸುತ್ತ ಬಿಳಿ ಜಲ್ಲಿ, ಅಷ್ಟೇ. ಇದಕ್ಕಿಂತ ಕಡಿಮೆ ವಸ್ತುಗಳಲ್ಲಿ ತೋಟ ಮಾಡುವುದು ಕಷ್ಟ. ಆದರೆ ಆ ಜಲ್ಲಿಯ ಗೆರೆಗಳು ತಾವಾಗಿ ನಿಲ್ಲುವುದಿಲ್ಲ. ಅದನ್ನು ಬಾಚಿ ಗೆರೆ ಮೂಡಿಸುತ್ತಲೇ ಇರಬೇಕು, ಬಿದ್ದ ಎಲೆಯನ್ನು ಹೆಕ್ಕಬೇಕು. ಖಾಲಿ ನೆಲದ ಮೇಲೆ ಒಂದು ತರಗೆಲೆಯೂ ಎದ್ದು ಕಾಣುತ್ತದೆ. ಅಂಥದ್ದರ ಚಿತ್ರ ನೋಡಿ ಮನೆಯ ಮುಂದೆ ಬಿಳಿ ಜಲ್ಲಿ ಸುರಿಸುವವರು, ಅದರ ಮೇಲೆ ಎಲೆ ಉದುರಿಸುವ ಮರವಿದೆಯೇ ಎಂದು ಮೊದಲು ತಲೆಯೆತ್ತಿ ನೋಡಬೇಕು.

ಇನ್ನೊಂದು ತುದಿಗೆ ಇಂಗ್ಲೆಂಡಿನ ಸಿಸ್ಸಿಂಗ್‌ಹರ್ಸ್ಟ್ ಇದೆ. ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಹೆರಾಲ್ಡ್ ನಿಕೋಲ್ಸನ್ ದಂಪತಿ 1930ರಲ್ಲಿ ಕೊಂಡ ಆ ಹಾಳುಬಿದ್ದ ಜಾಗದಲ್ಲಿ ಬೆಳೆಸಿದ ತೋಟದ ಒಂದು ಭಾಗ ಬಿಳಿ ಹೂವು ಮತ್ತು ಬೂದು-ಹಸಿರು ಎಲೆಗಳಿಗೇ ಮೀಸಲು. ಅಲ್ಲಿ ಗಿಡದ ಜಾತಿಗಳು ಹೇರಳ. ಆದರೂ ಗೊಂದಲವೆನಿಸದಿರುವುದಕ್ಕೆ ಕಾರಣ, ಬಣ್ಣ ಒಂದೇ, ಪಾತಿಗಳ ರೇಖೆಗಳೂ ನೇರ. ಒಂದು ಕಡೆ ಬಿಗಿ ಹಿಡಿದರೆ ಇನ್ನೊಂದು ಕಡೆ ಸಡಿಲ ಬಿಡಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನಿಮಗೆ ಬಗೆಬಗೆಯ ಗಿಡ ಕೂಡಿಸುವ ಚಪಲವಿದ್ದರೆ ಬಣ್ಣವನ್ನು ಕಟ್ಟಿಹಾಕಿ. ಬಣ್ಣಗಳೇ ಬೇಕೆಂದರೆ ಜಾತಿಗಳನ್ನು ಕಡಿಮೆ ಮಾಡಿ. ಎರಡನ್ನೂ ಬಿಚ್ಚಿಟ್ಟರೆ ಸಂತೆ.

ಗಿಡಗಳ ಪಟ್ಟಿ

ದೊಡ್ಡದರಿಂದ ಚಿಕ್ಕದರ ಕಡೆಗೆ ಬನ್ನಿ. ಮೊದಲು ಮರ: ಸಣ್ಣ ಅಂಗಳಕ್ಕೆ ಒಂದೇ ಸಾಕು, ಅದು ಬೆಳೆದಾಗ ಮುಟ್ಟುವ ಅಗಲವನ್ನು ನಕ್ಷೆಯಲ್ಲಿ ವೃತ್ತವಾಗಿ ಬರೆಯಿರಿ. ಆಮೇಲೆ ವರ್ಷವಿಡೀ ಎಲೆ ಹೊತ್ತು ನಿಲ್ಲುವ ಪೊದೆಗಳು, ಆಮೇಲೆ ನೆಲ ಮುಚ್ಚುವ ಗಿಡಗಳು, ಕೊನೆಗೆ ಹೂವಿನವು. ನರ್ಸರಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ, ಏಕೆಂದರೆ ಬಾಗಿಲಲ್ಲೇ ಹೂಬಿಟ್ಟ ಗಿಡಗಳನ್ನು ಜೋಡಿಸಿರುತ್ತಾರೆ.

ಸಾಧಾರಣ ಅಂಗಳಕ್ಕೆ ಏಳರಿಂದ ಹತ್ತು ಜಾತಿಗಳು ಸಾಕು. ಪ್ರತಿಯೊಂದನ್ನೂ ಹೆಚ್ಚು ಸಂಖ್ಯೆಯಲ್ಲಿ ತನ್ನಿ, ಗುಂಪಾಗಿ ನೆಡಿ, ಅದೇ ಗುಂಪು ಪಾತಿಯ ಇನ್ನೊಂದು ತುದಿಯಲ್ಲೂ ಮತ್ತೆ ಬರಲಿ. ಪುನರಾವರ್ತನೆಯೇ ತೋಟವನ್ನು ಒಂದಾಗಿ ಹೆಣೆಯುವುದು. ಸಣ್ಣ ಗುಂಪುಗಳಲ್ಲಿ 3 ಅಥವಾ 5 ಎಂಬ ಬೆಸಸಂಖ್ಯೆಯನ್ನು ಇಟ್ಟುಕೊಳ್ಳುವುದು ಹಳೆಯ ರೂಢಿ. ಕಣ್ಣು ಅವನ್ನು ಜೋಡಿಗಳಾಗಿ ಒಡೆಯಲಾರದು. ಏಳು ದಾಟಿದ ಮೇಲೆ ಯಾರೂ ಎಣಿಸುವುದಿಲ್ಲ.

ಆರಿಸುವಾಗ ಹೂವಿಗಿಂತ ಎಲೆಯನ್ನು ನೋಡಿ. ಹೂವು ಕೆಲವು ವಾರ ಇರುತ್ತದೆ, ಎಲೆ ತಿಂಗಳುಗಟ್ಟಲೆ. ದೊಡ್ಡ ಎಲೆಯ ಪಕ್ಕದಲ್ಲಿ ಎಳೆಎಳೆಯಾದ ಸಣ್ಣ ಎಲೆ, ನೆಟ್ಟಗೆ ನಿಲ್ಲುವ ಕತ್ತಿಯಂಥ ಎಲೆಯ ಬುಡದಲ್ಲಿ ಹರಡಿಕೊಳ್ಳುವ ದುಂಡೆಲೆ, ಹೀಗೆ ಎರಡು ಮೂರು ಬಗೆಯ ಎದುರಾಳಿತನ ಸಾಕು. ನಿಮ್ಮ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ನೋಡಿ. ಬಣ್ಣವಿಲ್ಲದೆಯೂ ಗಿಡಗಳು ಬೇರೆ ಬೇರೆಯಾಗಿ ಕಂಡರೆ ಜೋಡಣೆ ಗೆದ್ದಂತೆ. ಎಲ್ಲ ಕಲಸಿ ಬೂದುಬಣ್ಣದ ಮುದ್ದೆಯಾದರೆ ಎಲೆಯ ಆಕಾರಗಳು ತೀರಾ ಒಂದೇ ಆಗಿವೆ ಎಂದು ತಿಳಿಯಿರಿ.

ಅಂತರದ ಲೆಕ್ಕ ಸರಳ. ಪಕ್ಕಪಕ್ಕದ ಎರಡು ಗಿಡಗಳು ಪೂರ್ತಿ ಬೆಳೆದಾಗ ತಲುಪುವ ಅಗಲಗಳ ಅರ್ಧರ್ಧವನ್ನು ಕೂಡಿಸಿ. ಒಂದರದು 4 ಅಡಿ, ಇನ್ನೊಂದರದು 6 ಅಡಿಯಾದರೆ ಬುಡದಿಂದ ಬುಡಕ್ಕೆ 5 ಅಡಿ. ನೆಟ್ಟ ದಿನ ಇದು ಅಸಹನೀಯವಾಗಿ ಖಾಲಿ ಕಾಣುತ್ತದೆ. ಆ ಖಾಲಿಯನ್ನು ತಾಳಿಕೊಳ್ಳಲಾರದೆ ನಡುವೆ ಇನ್ನೆರಡು ಪೊದೆ ತುರುಕಿದರೆ, ಮೂರು ವರ್ಷದ ನಂತರ ಕತ್ತರಿ ಹಿಡಿದು ಎಲ್ಲವನ್ನೂ ಹಿಂಸಿಸುತ್ತಾ ಕೂರಬೇಕು. ಮೊದಲ ವರ್ಷಗಳಿಗೆ ನಡುವೆ ಒಂದು ಋತುವಿನ ಹೂಗಿಡಗಳನ್ನು ಬಿತ್ತಿಕೊಳ್ಳಿ. ಎತ್ತರದ ಬಗ್ಗೆಯೂ ಇದೇ ಮಾತು: ಕಿಟಕಿಯ ತಳ 3 ಅಡಿಯಲ್ಲಿದ್ದರೆ ಅದರ ಕೆಳಗೆ 10 ಅಡಿ ಬೆಳೆಯುವ ಪೊದೆಯನ್ನು ನೆಡುವುದೆಂದರೆ ಅದು ಬದುಕಿರುವವರೆಗೆ ಸವರುವ ಕೆಲಸವನ್ನು ಒಪ್ಪಿಕೊಂಡಂತೆ. ಮೂರಡಿಯೇ ಬೆಳೆಯುವ ತಳಿ ಹುಡುಕಿ.

ಜಾತಿಗಳನ್ನು ಕಡಿಮೆ ಮಾಡಿ ಎಂದಮೇಲೆ ಎಚ್ಚರಿಕೆಯ ಮಾತೂ ಬೇಕು. 1990ರ ದಶಕದಿಂದೀಚೆಗೆ ಯುರೋಪಿನಲ್ಲಿ ಬಾಕ್ಸ್ ಗಿಡದ (ಕತ್ತರಿಸಿ ಬೇಕಾದ ಆಕಾರ ಕೊಡುವ, ಸಣ್ಣ ಎಲೆಯ ನಿತ್ಯಹಸಿರು ಪೊದೆ) ಬೇಲಿಗಳಿಗೆ ಶಿಲೀಂಧ್ರ ರೋಗವೊಂದು ತಗುಲಿ, ಅಂಚು, ಬೇಲಿ, ಉಂಡೆ ಎಲ್ಲವನ್ನೂ ಆ ಒಂದೇ ಗಿಡದಿಂದ ಮಾಡಿದ ತೋಟಗಳು ದೊಡ್ಡ ಪೆಟ್ಟು ತಿಂದವು. ನಗರದ ಮರಗಳ ವಿಷಯದಲ್ಲಿ ಅಮೆರಿಕದ ವಿಜ್ಞಾನಿ ಫ್ರಾಂಕ್ ಸಾಂತಮೂರ್ 1990ರಲ್ಲಿ ಒಂದು ಸೂತ್ರ ಮುಂದಿಟ್ಟರು: ಊರಿನ ಮರಗಳಲ್ಲಿ ಒಂದೇ ಪ್ರಭೇದದವು ನೂರಕ್ಕೆ 10, ಒಂದೇ ಕುಲದವು (ಹತ್ತಿರದ ಪ್ರಭೇದಗಳ ಗುಂಪು) 20, ಒಂದೇ ಕುಟುಂಬದವು (ಹತ್ತಿರದ ಕುಲಗಳ ಗುಂಪು) 30 ಮೀರಬಾರದು. ಮನೆಯಂಗಳಕ್ಕೆ ಈ ಅಂಕಿಗಳನ್ನು ಹಾಗೇ ಇಳಿಸಲಾಗದು, ತರ್ಕವನ್ನು ಇಳಿಸಿಕೊಳ್ಳಬಹುದು. ತೋಟದ ಬೆನ್ನೆಲುಬಾದ ಬೇಲಿ, ಮರ, ಮುಖ್ಯ ಪೊದೆ ಮೂರೂ ಬೇರೆ ಬೇರೆ ಕುಟುಂಬದವಾಗಿದ್ದರೆ ಒಂದಕ್ಕೆ ರೋಗ ಬಂದರೂ ಇಡೀ ತೋಟ ಬೀಳುವುದಿಲ್ಲ.

ನೆಡುವುದು, ಹೊದಿಸುವುದು, ನೀರುಣಿಸುವುದು

ಗುಂಡಿ ಬೇರಿನ ಮಣ್ಣುಗಡ್ಡೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಗಡ್ಡೆಯಷ್ಟೇ. ಕಾಂಡ ಅಗಲವಾಗಿ ಬೇರಿಗೆ ಇಳಿಯುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಮರಗಳು ಸೊರಗುವುದಕ್ಕೆ ಆಳವಾಗಿ ಹೂತದ್ದು ಬಹಳ ಸಾಮಾನ್ಯವಾದ ಕಾರಣ. ದೊಡ್ಡ ಗಿಡಕ್ಕೆ ಹಣ ಸುರಿಯುವ ಬದಲು ಚಿಕ್ಕ, ಗಟ್ಟಿ ಸಸಿ ತನ್ನಿ. ಅದು ಬೇಗ ಬೇರೂರುತ್ತದೆ.

ನೆಟ್ಟ ಮೇಲೆ 2ರಿಂದ 3 ಅಂಗುಲ ದಪ್ಪಕ್ಕೆ ತರಗೆಲೆ, ಮರದ ಚೂರು ಅಥವಾ ಒಣಹುಲ್ಲಿನ ಹೊದಿಕೆ ಹಾಸಿ. ಕಳೆಗೆ ಬೆಳಕು ಸಿಗುವುದಿಲ್ಲ, ತೇವ ಉಳಿಯುತ್ತದೆ, ನಿಧಾನವಾಗಿ ಕೊಳೆತು ಮಣ್ಣೂ ಸುಧಾರಿಸುತ್ತದೆ. ಕಾಂಡದಿಂದ ಮೂರು ನಾಲ್ಕು ಅಂಗುಲ ದೂರ ಬಿಡಿ, ಒತ್ತಿ ರಾಶಿ ಹಾಕಿದರೆ ತೊಗಟೆ ಕೊಳೆಯುತ್ತದೆ. ಪಾತಿಯಲ್ಲಿ ಪ್ಲಾಸ್ಟಿಕ್ಕಿನ ಕಳೆಬಟ್ಟೆ ಹಾಸುವ ಸಲಹೆಯನ್ನು ನಾನು ಕೊಡಲಾರೆ. ಕೆಲವು ವರ್ಷಗಳಲ್ಲಿ ಅದರ ಮೇಲೆ ಮಣ್ಣು ಕೂತು ಕಳೆ ಅಲ್ಲೇ ಹುಟ್ಟುತ್ತದೆ, ಬೇರು ಬಟ್ಟೆಗೆ ಹೆಣೆದುಕೊಳ್ಳುತ್ತದೆ. ಕಿತ್ತು ಬಿಸಾಡುವ ದಿನ ಶಾಪ ಹಾಕುವವರು ನೀವೇ.

ನೀರಿಗೆ ಒಂದು ಉಪಯುಕ್ತ ಲೆಕ್ಕ: ಒಂದು ಚದರ ಮೀಟರ್ ನೆಲಕ್ಕೆ 25 ಲೀಟರ್ ಹಾಕಿದರೆ 25 ಮಿಲಿಮೀಟರ್ ಮಳೆ ಬಿದ್ದ ಹಾಗೆ. ದಿನವೂ ಮೇಲ್ಮೈ ನೆನೆಸುವ ಬದಲು ಅಪರೂಪಕ್ಕೆ, ಆಳಕ್ಕೆ ಇಳಿಯುವಷ್ಟು ಕೊಟ್ಟರೆ ಬೇರು ಕೆಳಕ್ಕೆ ಹೋಗುತ್ತದೆ. ಬಾಯಾರಿಕೆ ಒಂದೇ ಸಮ ಇರುವ ಗಿಡಗಳನ್ನು ಒಂದೇ ಪಾತಿಗೆ ಹಾಕಿ. ಆಗ ಹನಿ ನೀರಾವರಿಯ ಒಂದು ಕೊಳವೆ, ಒಂದು ಕವಾಟದಲ್ಲಿ ಇಡೀ ಪಾತಿ ಮುಗಿಯುತ್ತದೆ. ಕಳ್ಳಿಯ ಪಕ್ಕ ನೀರಾಸೆಯ ಜರಿಗಿಡವಿಟ್ಟರೆ ಯಾವ ಯಂತ್ರವೂ ಇಬ್ಬರನ್ನೂ ಸಮಾಧಾನಪಡಿಸಲಾರದು.

ಅಲಂಕಾರದ ವಸ್ತುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಒಂದು. ಆರಿಸಿಕೊಂಡ ಕಿಟಕಿಯ ನೋಟ ಮುಗಿಯುವ ಕಡೆ ಅದನ್ನು ಇಡಿ. ಬೇಲಿಗೆ ಗಾಢ ಬಣ್ಣ ಬಳಿದರೆ ಅದು ಹಿಂದೆ ಸರಿದು ಹಸಿರು ಮುಂದೆ ಬರುತ್ತದೆ. ದೀಪಗಳು ಕೆಳಮುಖವಾಗಿ, ಕಾಲಿಡುವ ಕಡೆ ಮಾತ್ರ ಇದ್ದರೆ ಸಾಕು.

ಈಗಾಗಲೇ ತುಂಬಿಹೋಗಿದ್ದರೆ

ಬಹಳ ಮಂದಿಯ ಪರಿಸ್ಥಿತಿ ಇದೇ, ಹೊಸ ನೆಲ ಸಿಗುವವರು ಕಡಿಮೆ. ಮೊದಲು ಕೈ ಹಾಕಬೇಕಾದದ್ದು ಕುಂಡಗಳಿಗೆ. ಎಲ್ಲವನ್ನೂ ಒಂದು ದಿನ ಒಂದು ಕಡೆಗೆ ಸರಿಸಿ ಅಂಗಳವನ್ನು ಅವಿಲ್ಲದೆ ನೋಡಿ. ಮರಳಿ ಇಡಬೇಕು ಎನಿಸಿದ್ದನ್ನು ಮಾತ್ರ ಮರಳಿ ಇಡಿ, ಅದರಲ್ಲೂ ಆದಷ್ಟನ್ನು ದೊಡ್ಡ ಕುಂಡಗಳಿಗೆ ಒಟ್ಟುಗೂಡಿಸಿ. ಎರಡನೆಯದಾಗಿ, ಹುಲ್ಲಿನ ನಡುವೆ ದ್ವೀಪಗಳಂತೆ ಇರುವ ಸಣ್ಣ ಪಾತಿಗಳನ್ನು ಅಂಚಿನ ಪಾತಿಗೆ ಸೇರಿಸಿ. ಅಂಚಿನ ಉದ್ದ ಕಡಿಮೆಯಾದಷ್ಟೂ ಕತ್ತರಿಸುವ, ಕಳೆ ಕೀಳುವ ಕೆಲಸ ಇಳಿಯುತ್ತದೆ. ಒಂದು ಮೀಟರ್ ಚೌಕದ ನಾಲ್ಕು ಪಾತಿಗಳಿಗೆ ಒಟ್ಟು 16 ಮೀಟರ್ ಅಂಚು. ಅಷ್ಟೇ ನೆಲವನ್ನು 2 ಮೀಟರ್ ಚೌಕದ ಒಂದೇ ಪಾತಿ ಮಾಡಿದರೆ 8 ಮೀಟರ್. ಗೋಡೆಗೆ ತಾಗಿಸಿದರೆ 6 ಮೀಟರಿಗೆ ಇಳಿಯಿತು.

ಮರ ಮತ್ತು ದೊಡ್ಡ ಪೊದೆಗಳ ವಿಷಯದಲ್ಲಿ ಅವಸರ ಬೇಡ. ಒಂದು ಪೂರ್ತಿ ವರ್ಷ ನೋಡಿ: ಯಾವ ತಿಂಗಳಲ್ಲಿ ಅದು ನೆರಳು ಕೊಡುತ್ತದೆ, ಯಾವಾಗ ಹಕ್ಕಿ ಬರುತ್ತದೆ, ಎದುರು ಮನೆಯ ಕಿಟಕಿಯನ್ನು ಅದು ಮರೆಮಾಡುತ್ತಿದೆಯೇ. ಬುಡದಿಂದ ಕಡಿಯುವ ಬದಲು ಕೆಳಗಿನ ಕೊಂಬೆಗಳನ್ನು ಸವರಿ ಕಾಂಡ ಕಾಣುವಂತೆ ಮಾಡಿದರೆ ಎಷ್ಟೋ ಹಳೆಯ ಪೊದೆಗಳು ಚಿಕ್ಕ ಮರಗಳಾಗಿ ಒದಗುತ್ತವೆ, ಕೆಳಗೆ ಬೆಳಕೂ ಬರುತ್ತದೆ.

ಉಳಿಯುವುದು ಪ್ರೀತಿಯಿಂದ ಬರುವ ಗಿಡಗಳ ಸಮಸ್ಯೆ. ನೀವು ತೋಟ ಮಾಡುತ್ತೀರಿ ಎಂದು ಗೊತ್ತಾದ ಕೂಡಲೇ ಗೆಲ್ಲು, ಗಡ್ಡೆ, ಬೀಜ ಬರಲು ತೊಡಗುತ್ತವೆ, ಬೇಡ ಎನ್ನಲಾಗುವುದಿಲ್ಲ. ಮುಖ್ಯ ಕಿಟಕಿಗೆ ಕಾಣದ ಒಂದು ಮೂಲೆಯಲ್ಲಿ 3 ಅಡಿಯಷ್ಟು ನೆಲವನ್ನು ಇವುಗಳಿಗೆಂದೇ ಬಿಡಿ. ಬಂದದ್ದೆಲ್ಲ ಮೊದಲು ಅಲ್ಲಿಗೆ. ಒಂದು ಋತು ಕಳೆಯುವುದರೊಳಗೆ ತೋಟದಲ್ಲಿ ಅದಕ್ಕೊಂದು ಜಾಗ ಹೊಳೆದರೆ ಸರಿ. ಹೊಳೆಯದಿದ್ದರೆ ಗಿಡ ಬೇಕೆನ್ನುವ ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ. ಕೊಟ್ಟವರು ಕೇಳಿದರೆ, ಚೆನ್ನಾಗಿ ಬೆಳೆಯುತ್ತಿದೆ ಎಂದು ಹೇಳಬಹುದು. ಎಲ್ಲಿ ಎಂದು ಅವರು ಕೇಳುವುದಿಲ್ಲ.